ನಮ್ಮ ಒಳಬೀದಿಗಳನ್ನು ನಡೆಯುವವರಿಗೆ ಬಿಡಬಹುದಾ? ಮಡಿಕೇರಿ, ಕುಶಾಲನಗರದವರು ಹೇಳಿ

ದಾಸವಾಳ ಬೇಲಿ (ಮಡಿಕೇರಿ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳು ಮೂರನೇ ಕ್ಲಾಸು. ಮನೆಯಿಂದ ಶಾಲೆಗೆ ನಡೆದರೆ ಹನ್ನೆರಡು ನಿಮಿಷ. ನಾನೂ ಇದೇ ಬೀದಿಯಲ್ಲಿ ಬೆಳೆದವಳು. ನಾವು ಏಳೆಂಟು ಮಕ್ಕಳು ಒಟ್ಟಿಗೆ ಹೋಗುತ್ತಿದ್ದೆವು, ದೊಡ್ಡವರು ಯಾರೂ ಜೊತೆಗೆ ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಚರಂಡಿ ನೀರಿಗೆ ಕಾಗದದ ದೋಣಿ ಬಿಟ್ಟು, ಅದರ ಹಿಂದೆ ಓಡಿ, ಶಾಲೆಗೆ ತಡ ಆಗಿ ಬೈಸಿಕೊಂಡದ್ದು ಈಗಲೂ ನೆನಪಿದೆ.

ಹೋದ ಜೂನ್‌ನಲ್ಲಿ ಮಗಳನ್ನು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದೆ. ಮಂಜು ಕವಿದಿತ್ತು, ಜಿಟಿಜಿಟಿ ಮಳೆ. ಹಿಂದಿನಿಂದ ಬಂದ ಕಾರಿನ ಕನ್ನಡಿ ಅವಳ ಕೊಡೆಗೆ ತಾಗಿತು. ಕೊಡೆ ಹಾರಿಹೋಯಿತು, ಅವಳು ಹೆದರಿ ಚರಂಡಿಗೆ ಹಾರಿದಳು. ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಕಾರಿನವರು ಇಳಿದು ಕ್ಷಮೆ ಕೇಳಿದರು. ಪ್ರವಾಸಕ್ಕೆ ಬಂದವರು. ಮುಖ್ಯರಸ್ತೆಯಲ್ಲಿ ಜಾಮ್ ಇತ್ತಂತೆ, ಫೋನಿನ ಮ್ಯಾಪ್ ಈ ಬೀದಿ ತೋರಿಸಿತಂತೆ.

ಅವತ್ತಿನಿಂದ ನಾನು ಅವಳನ್ನು ಸ್ಕೂಟರಿನಲ್ಲಿ ಬಿಡುತ್ತೇನೆ. ಹನ್ನೆರಡು ನಿಮಿಷದ ದಾರಿಗೆ ಸ್ಕೂಟರ್! ನಮ್ಮ ಬೀದಿಯ ಇನ್ನೂ ನಾಲ್ಕು ಮನೆಯವರು ಹಾಗೇ ಮಾಡುತ್ತಿದ್ದಾರೆ. ಅಂದರೆ ವಾಹನಕ್ಕೆ ಹೆದರಿ ನಾವೇ ಬೀದಿಗೆ ಐದು ವಾಹನ ಸೇರಿಸಿದ್ದೇವೆ. ಇದನ್ನು ಯೋಚಿಸಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಹುಡುಕಿ ಓದಲು ಶುರು ಮಾಡಿದೆ. ಬೇರೆ ಬೇರೆ ಊರುಗಳಲ್ಲಿ ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. ಗ್ರೀನ್‌ವೇ ಅನ್ನುತ್ತಾರೆ, ನಾನು ಹಸಿರು ಬೀದಿ ಅನ್ನುತ್ತೇನೆ. ಮೊದಲೇ ಶಾಂತವಾಗಿರುವ ಒಳಬೀದಿಗಳನ್ನು ಆರಿಸಿಕೊಳ್ಳುವುದು. ಅಲ್ಲಿ ನಡೆಯುವವರಿಗೆ, ಸೈಕಲಿನವರಿಗೆ ಮೊದಲ ಜಾಗ. ಆ ಬೀದಿಯಲ್ಲಿ ಮನೆ ಇರುವವರ ವಾಹನ, ಅವರ ಮನೆಗೆ ಬರುವ ಆಟೋ, ಸಿಲಿಂಡರ್ ಗಾಡಿ, ಆಂಬುಲೆನ್ಸ್ ಎಲ್ಲ ಬರಬಹುದು, ನಿಧಾನವಾಗಿ. ಬೀದಿಯನ್ನು ಬರೀ ಅಡ್ಡದಾರಿ ಮಾಡಿಕೊಂಡು ಹಾಯ್ದು ಹೋಗುವ ವಾಹನಗಳನ್ನು ಮಾತ್ರ ತಡೆಯುವುದು. ಬೀದಿ ಮುಚ್ಚುವ ಮಾತೇ ಇಲ್ಲಿಲ್ಲ.

ಹೋದ ವಾರ ನಮ್ಮ ಜಗಲಿಯಲ್ಲಿ ಕೂತು ಬೆಳಗ್ಗೆ ಒಂದು ಗಂಟೆ ಎಣಿಸಿದೆ. ಬಂದ ಗಾಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಬೀದಿಯ ಯಾವ ಮನೆಗೂ ಬಂದದ್ದಲ್ಲ.

ನಮ್ಮ ಊರಿನಲ್ಲಿ ಇದು ಆಗುತ್ತದಾ? ಬೇಡ ಅನ್ನುವವರೂ ಬರೆಯಿರಿ. ನನಗೆ ನಿಜವಾಗಿ ಗೊತ್ತಾಗಬೇಕು.

ಹಾರಂಗಿ ಗಾಳಿ (ಕುಶಾಲನಗರ)

ಅಕ್ಕ, ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಮಗು ಕ್ಷೇಮವಾಗಿದೆ ಅನ್ನುವುದೇ ದೊಡ್ಡದು.

ಮಡಿಕೇರಿಯಲ್ಲಿ ಏರಿಳಿತ ಇದೆ, ಸೈಕಲ್ ಕಷ್ಟ. ಆದರೆ ನಮ್ಮ ಕುಶಾಲನಗರ ಸಮತಟ್ಟು. ಸೈಕಲಿಗೆ ಇದಕ್ಕಿಂತ ಒಳ್ಳೆ ಊರು ಕೊಡಗಿನಲ್ಲಿ ಸಿಗಲ್ಲ. ಬಡಾವಣೆಯ ಒಳರಸ್ತೆಗಳು ನೇರವಾಗಿವೆ, ಒಂದಕ್ಕೊಂದು ಸೇರುತ್ತವೆ. ಆದರೂ ಮಕ್ಕಳು ಸೈಕಲ್ ತೆಗೆದುಕೊಂಡು ಹೆದ್ದಾರಿಗೇ ಬರಬೇಕು. ಹೆದ್ದಾರಿ 275 ಊರಿನ ನಟ್ಟನಡುವೆ ಹೋಗುತ್ತದೆ. ಮೈಸೂರು, ಮಂಗಳೂರು ಕಡೆಯ ಬಸ್ಸು, ಲಾರಿ ಎಲ್ಲ ಅಲ್ಲೇ.

2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ನನಗೂ ಸಿಕ್ಕಿತ್ತು. ಆ ಸೈಕಲಿನಲ್ಲೇ ಕೂಡಿಗೆ ಕಡೆಗೆ ಹೋಗಿ ಬರುತ್ತಿದ್ದೆ. ಕಾಫಿ ಕ್ಯೂರಿಂಗ್ ಕೆಲಸಕ್ಕೆ ಹೋಗುವ ಹೆಂಗಸರು ರಸ್ತೆ ಬದಿಯಲ್ಲಿ ಸಾಲಾಗಿ ನಡೆಯುತ್ತಿದ್ದರು. ಸೈಕಲ್ ಸಿಕ್ಕಿತು, ಅದನ್ನು ಓಡಿಸಲು ದಾರಿ ಸಿಗಲಿಲ್ಲ. ಒಳರಸ್ತೆಗಳನ್ನು ಜೋಡಿಸಿ ಹೊಳೆ ಬದಿಯಿಂದ ಶಾಲೆ, ಸಂತೆ, ಬಸ್ ಸ್ಟ್ಯಾಂಡ್‌ಗೆ ಒಂದು ದಾರಿ ಮಾಡಿದರೆ ಹೊಸ ರಸ್ತೆ ಹಾಕುವ ಕೆಲಸವೇ ಇಲ್ಲ. ಇರುವುದನ್ನೇ ಜೋಡಿಸಿದರೆ ಸಾಕು.

ಮೂರು ಚಕ್ರ (ಮಡಿಕೇರಿ)

ನಾನು ಇಪ್ಪತ್ತೆರಡು ವರ್ಷದಿಂದ ಆಟೋ ಓಡಿಸುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಮೇಡಂ.

ಶನಿವಾರ, ಭಾನುವಾರ ರಾಜಾಸೀಟ್ ಕಡೆ, ಜನರಲ್ ತಿಮ್ಮಯ್ಯ ವೃತ್ತದ ಕಡೆ ಗಾಡಿ ಅಲುಗಾಡುವುದಿಲ್ಲ. ಆಗ ನಮಗೆ ಒಳಬೀದಿಗಳೇ ದಿಕ್ಕು. ಬಸುರಿ ಹೆಂಗಸನ್ನು ಆಸ್ಪತ್ರೆಗೆ ಬಿಡಬೇಕು, ವಯಸ್ಸಾದವರನ್ನು ಬಸ್ಸಿಗೆ ಮುಟ್ಟಿಸಬೇಕು. ಒಳಬೀದಿಯನ್ನೂ ಅಡ್ಡ ಹಾಕಿದರೆ ನಾವು ಎಲ್ಲಿಗೆ ಹೋಗುವುದು? ಸುತ್ತಿ ಬಂದರೆ ಗ್ಯಾಸ್ ಜಾಸ್ತಿ, ಬಾಡಿಗೆ ಮಾತ್ರ ಅಷ್ಟೇ. ಶಾಲೆ ಮಕ್ಕಳ ಬಾಡಿಗೆಯಿಂದಲೇ ನನ್ನ ಮನೆ ನಡೆಯುವುದು. ಮಕ್ಕಳೆಲ್ಲ ನಡೆದು ಹೋದರೆ ಒಳ್ಳೆಯದೇ, ಆದರೆ ನನ್ನ ಕಥೆ ಏನು?

ದಾಸವಾಳ ಬೇಲಿ (ಮಡಿಕೇರಿ)

ಅಣ್ಣ, ಬೇಜಾರು ಯಾಕೆ? ನೀವು ಬರೆದದ್ದಕ್ಕೆ ಖುಷಿ ಆಯಿತು. ಆಟೋವನ್ನು ಕಾರಿನ ಜೊತೆ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ ಅಂತ ನಿಮ್ಮ ಮಾತು ಓದಿದ ಮೇಲೆ ಅನ್ನಿಸಿತು. ಸ್ವಂತ ಗಾಡಿ ಇಲ್ಲದವರಿಗೆ ಆಟೋವೇ ಗಾಡಿ. ಇದನ್ನು ನಾನು ಮೊದಲು ಯೋಚಿಸಿರಲಿಲ್ಲ. ತಡೆ ಎಲ್ಲಿ ಹಾಕಿದರೆ ನಿಮಗೆ ತೊಂದರೆ ಆಗುವುದಿಲ್ಲ ಅಂತ ನೀವೇ ಹೇಳಬೇಕು.

ಕಾಫಿ ಹೂ (ಸದ್ಯ ಪೋರ್ಟ್‌ಲ್ಯಾಂಡ್, ಊರು ನಾಪೋಕ್ಲು)

ನಾನು ಇರುವ ಊರಿನಲ್ಲೇ ಇದು ನಡೆದಿರುವುದರಿಂದ ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ.

ಅಮೆರಿಕದ ಒರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಇದು. ಇಲ್ಲಿ ನೇಬರ್‌ಹುಡ್ ಗ್ರೀನ್‌ವೇ ಅನ್ನುವ ಬೀದಿಗಳು ಒಟ್ಟು ನೂರು ಮೈಲಿಗೂ ಹೆಚ್ಚಿವೆ. ಮೊದಮೊದಲು ಬೈಕ್ ಬುಲೆವಾರ್ಡ್ ಅನ್ನುತ್ತಿದ್ದರು. ಸೈಕಲಿನವರಿಗೆ ಮಾತ್ರ ಅಂತ ಜನ ತಿಳಿದುಕೊಳ್ಳಬಾರದು ಅಂತ ಹೆಸರು ಬದಲಾಯಿಸಿದರು. ನೋಡಲು ಏನೂ ವಿಶೇಷ ಇಲ್ಲ, ಸಾಧಾರಣ ಮನೆಬೀದಿ. ವೇಗದ ಮಿತಿ ಗಂಟೆಗೆ 20 ಮೈಲಿ, ಅಂದರೆ 32 ಕಿ.ಮೀ. ಅಲ್ಲಲ್ಲಿ ಹಂಪ್‌ಗಳು. ಅಡ್ಡ ಬರುವ ಬೀದಿಯವರು ನಿಂತು ನೋಡಿ ಹೋಗಬೇಕು. ದಿನಕ್ಕೆ ಸುಮಾರು ಸಾವಿರ ವಾಹನದ ಆಸುಪಾಸಿನಲ್ಲಿ ಇರಬೇಕು ಅನ್ನುವುದು ಊರಿನ ಗುರಿ. ಅದು ಮೀರುತ್ತಾ ಹೋದರೆ ಒಂದು ಕೂಡುರಸ್ತೆಯಲ್ಲಿ ಓರೆಯಾಗಿ ಕಟ್ಟೆ ಕಟ್ಟುತ್ತಾರೆ. ಕಾರು ನೇರ ಹೋಗಲು ಆಗುವುದಿಲ್ಲ, ಪಕ್ಕಕ್ಕೆ ತಿರುಗಲೇಬೇಕು. ನಡೆಯುವವರು, ಸೈಕಲಿನವರು ನಡುವಿನ ಸಂದಿಯಲ್ಲಿ ನೇರ ಹೋಗಬಹುದು. ಇಷ್ಟೇ ಗುಟ್ಟು.

ನನ್ನ ಪಕ್ಕದ ಮನೆಯ ಮುದುಕಿ ದಿನಾ ಸಂಜೆ ಬೀದಿಯ ನಟ್ಟನಡುವೆ ನಡೆಯುತ್ತಾರೆ. ಕಾರು ಬಂದರೆ ಕಾರೇ ಅವರ ಹಿಂದೆ ನಿಧಾನವಾಗಿ ಬರುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ನಾಪೋಕ್ಲಿನ ಅಜ್ಜಿ ನೆನಪಾಗಿ ಕಣ್ಣು ತುಂಬಿತು.

ಇನ್ನೂ ಒಂದು ಇದೆ. ಕೆಲವು ಬೀದಿಗಳ ಅಂಚಿನಲ್ಲಿ ತಗ್ಗು ಪಾತಿ ಮಾಡಿ ಗಿಡ ಹಾಕುತ್ತಾರೆ. ರಸ್ತೆಯ ಮಳೆನೀರು ಅದಕ್ಕೆ ಹರಿದು ಮಣ್ಣಿಗೆ ಇಂಗುತ್ತದೆ. ನಮ್ಮ ಕೊಡಗಿನ ಮಳೆಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ ಅಂತ ನನ್ನ ಅನಿಸಿಕೆ.

ತಡೆಗೋಡೆ (ಮಡಿಕೇರಿ)

ನಾಪೋಕ್ಲಿನ ತಂಗಿ ಬರೆದ ಕೊನೆಯ ಮಾತಿಗೆ ನಾನು ಇಲ್ಲೇ ಅಡ್ಡ ಬರಬೇಕು. ನಾನು ನಿವೃತ್ತ ಸಿವಿಲ್ ಎಂಜಿನಿಯರ್.

ಮಳೆನೀರು ಇಂಗಿಸುವ ಪಾತಿ ಸಮತಟ್ಟಾದ ಊರಿಗೆ ಸರಿ. ಮಡಿಕೇರಿಯ ಇಳಿಜಾರಿಗೆ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಏನಾಯಿತು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂದಿರಾನಗರ, ಚಾಮುಂಡೇಶ್ವರಿ ನಗರದ ಕಡೆ ಕುಸಿದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಮನೆ ಕಟ್ಟಲು ಬರೆಯನ್ನು, ಅಂದರೆ ಗುಡ್ಡದ ಇಳಿಜಾರು ಬದಿಯನ್ನು, ಕಡಿದು ನೇರ ಮಾಡಿರುತ್ತೇವೆ. ಅದರ ಮೇಲಿನ ಮಣ್ಣಿಗೆ ನೀರು ಇಂಗಿದರೆ ಮಣ್ಣಿನ ತೂಕ ಏರುತ್ತದೆ, ಕಣಗಳ ನಡುವೆ ನೀರಿನ ಒತ್ತಡ ಏರುತ್ತದೆ, ಹಿಡಿತ ಸಡಿಲ ಆಗುತ್ತದೆ. ಒಂದು ರಾತ್ರಿ ಜಾರುತ್ತದೆ. ಹಾಗಾಗಿ ನಮ್ಮ ಬೀದಿಯಲ್ಲಿ ನೀರು ಇಂಗಬಾರದು, ಹರಿಯಬೇಕು. ತಳಕ್ಕೆ, ಬದಿಗೆ ಕಾಂಕ್ರೀಟ್ ಹಾಕಿದ ಚರಂಡಿ, ಮೇಲೆ ಕಂಬಿಯ ಮುಚ್ಚಳ, ಮೋರಿಯ ಬಾಯಿಗೆ ಕಸ ಹಿಡಿಯುವ ಜಾಲರಿ. ತಡೆಗೋಡೆಯ ತೂತುಗಳನ್ನು ಯಾರೂ ಸಿಮೆಂಟ್ ಬಳಿದು ಮುಚ್ಚಬಾರದು. ಹಿಂದಿನ ನೀರು ಹೊರಗೆ ಬರಲಿ ಅಂತಲೇ ಅವನ್ನು ಬಿಟ್ಟಿರುವುದು.

ಕುಶಾಲನಗರದ ಸಮತಟ್ಟಿನಲ್ಲಿ ಪಾತಿ ಮಾಡಬಹುದು. ಅಲ್ಲೂ ಹೊಳೆಯ ಹತ್ತಿರ ಬೇಡ. ಕಾವೇರಿ ಉಕ್ಕಿ ಬಡಾವಣೆಗೆ ನೀರು ನುಗ್ಗಿದ್ದು ನೆನಪಿದೆಯಲ್ಲ.

ಗಿಡದ ವಿಷಯ. ಬೀದಿ ಅಂಚಿಗೆ ಸಿಲ್ವರ್ ಓಕ್ ಬೇಡ, ಮಳೆಗಾಲದ ಗಾಳಿಗೆ ಕೊಂಬೆ ಮುರಿಯುತ್ತದೆ. ತಡೆಗೋಡೆಯ ತಲೆ ಮೇಲೆ ದೊಡ್ಡ ಮರವೂ ಬೇಡ. ಇಳಿಜಾರಿಗೆ ಲಾವಂಚ ಒಳ್ಳೆಯದು. ಬೇರು ನೇರ ಕೆಳಗೆ ಇಳಿದು ಮಣ್ಣನ್ನು ಹಿಡಿಯುತ್ತದೆ. ದಾಸವಾಳದ ಬೇಲಿ ಹೇಗೂ ನಮ್ಮಲ್ಲಿ ಇದ್ದೇ ಇದೆ.

ನೆಲದ ಬಗ್ಗೆಯೂ ಹೇಳಿಬಿಡುತ್ತೇನೆ, ಎಲ್ಲರೂ ತಪ್ಪುವುದು ಅಲ್ಲೇ. ಹಸಿರು ಬೀದಿ ಅಂದ ಕೂಡಲೇ ನುಣುಪಾದ ಬಣ್ಣದ ಟೈಲ್ಸ್ ಹಾಕಿಬಿಡುತ್ತಾರೆ. ಜೂನ್ ಕಳೆಯುವುದರೊಳಗೆ ಪಾಚಿ ಕಟ್ಟುತ್ತದೆ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಅದರ ಮೇಲೆ ಯಾರು ನಡೆದರೂ ಜಾರಿ ಬೀಳುತ್ತಾರೆ. ಕಾಂಕ್ರೀಟ್ ಹಸಿ ಇರುವಾಗ ಕಡ್ಡಿ ಪೊರಕೆಯಿಂದ ಅಡ್ಡಕ್ಕೆ ಗೀರು ಎಳೆದರೆ ಸಾಕು. ಖರ್ಚೂ ಕಡಿಮೆ, ಕಾಲಿಗೆ ಹಿಡಿತ. ಮಳೆಗಾಲದಲ್ಲಿ ಎರಡು ಮೂರು ಸಲ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬೇಕು. ಅದನ್ನು ಯಾರು ಮಾಡುತ್ತಾರೆ ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಕಾಫಿ ಹೂ (ಸದ್ಯ ಪೋರ್ಟ್‌ಲ್ಯಾಂಡ್, ಊರು ನಾಪೋಕ್ಲು)

ಅಂಕಲ್, ತುಂಬ ಥ್ಯಾಂಕ್ಸ್. ಇಲ್ಲಿ ಕಂಡದ್ದನ್ನು ಹಾಗೇ ಎತ್ತಿಕೊಂಡು ಬಂದು ಊರಿನಲ್ಲಿ ಇಡುವ ಆಸೆಯಲ್ಲಿ ಬರೆದುಬಿಟ್ಟೆ. ನನ್ನ ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಮೆಟ್ಟಿಲು (ಮಡಿಕೇರಿ)

ನನ್ನ ಅಮ್ಮನಿಗೆ 74. ಎರಡು ವರ್ಷದ ಹಿಂದೆ ಸೊಂಟದ ಮೂಳೆ ಮುರಿಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ಅವರಿಗೆ ಬೇಕಾದದ್ದು ಎರಡೇ. ಬೆಳಗ್ಗೆ ದೇವಸ್ಥಾನ, ಸಂಜೆ ಅವರ ಗೆಳತಿಯ ಮನೆ. ಎರಡೂ ಹತ್ತಿರ. ಈಗ ಎರಡಕ್ಕೂ ಹೋಗುವುದಿಲ್ಲ. ಕಾರಣ ಕೇಳಿದರೆ "ಗಾಡಿ ಬಂದರೆ ಬೇಗ ಸರಿಯಲು ಆಗಲ್ಲ ಮಗ" ಅನ್ನುತ್ತಾರೆ.

ಎಲ್ಲರೂ ಸೈಕಲ್, ರಸ್ತೆ ಅಂತ ಬರೆಯುತ್ತಿದ್ದೀರಿ. ಮಡಿಕೇರಿಯಲ್ಲಿ ನಡೆಯುವ ದಾರಿ ಅಂದರೆ ಅರ್ಧ ಮೆಟ್ಟಿಲುಗಳೇ ಅಲ್ವಾ? ಮೇಲಿನ ಬೀದಿಯಿಂದ ಕೆಳಗಿನ ಬೀದಿಗೆ ಮೆಟ್ಟಿಲಲ್ಲಿ ಇಳಿದರೆ ಎರಡು ನಿಮಿಷ. ರಸ್ತೆಯಲ್ಲಿ ಸುತ್ತಿದರೆ ಹತ್ತು ನಿಮಿಷ. ಕಾರು ಬರಲು ಸಾಧ್ಯವೇ ಇಲ್ಲದ ದಾರಿ ಅದು. ನಮ್ಮ ನಿಜವಾದ ಹಸಿರು ಬೀದಿ ಮೊದಲಿನಿಂದಲೂ ಇದೆ. ಆದರೆ ಒಂದೊಂದು ಮೆಟ್ಟಿಲು ಒಂದೊಂದು ಎತ್ತರ. ಹಿಡಿಯಲು ಕಂಬಿ ಇಲ್ಲ, ದೀಪ ಇಲ್ಲ, ಬದಿಯಲ್ಲಿ ಕಸ.

ಮೊದಲು ಮೆಟ್ಟಿಲುಗಳಿಗೆ ಎರಡೂ ಬದಿ ಕಂಬಿ ಹಾಕಿ. ಒಂದೇ ಎತ್ತರ ಮಾಡಿ. ಮಧ್ಯೆ ನಿಂತು ಉಸಿರು ತೆಗೆದುಕೊಳ್ಳಲು ಒಂದು ಕಲ್ಲುಬೆಂಚು. ಅಂಚಿಗೆ ಹಳದಿ ಬಣ್ಣ, ಮಂಜಿನಲ್ಲಿ ಕಾಣಬೇಕು.

ದಾಸವಾಳ ಬೇಲಿ (ಮಡಿಕೇರಿ)

ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ಎಷ್ಟು ನಿಜ! ನಾನು ರಸ್ತೆಯ ಬಗ್ಗೆಯೇ ಓದುತ್ತಿದ್ದೆ, ಮೆಟ್ಟಿಲು ತಲೆಗೇ ಬರಲಿಲ್ಲ. ನಮ್ಮ ದಾರಿಯ ಪಟ್ಟಿಯಲ್ಲಿ ಮೆಟ್ಟಿಲು ಮೊದಲು ಇರಬೇಕು.

ಶಿಮ್ಲಾದಲ್ಲಿ ಕೆಳಗಿನ ಕಾರ್ಟ್ ರೋಡಿನಿಂದ ಮೇಲಿನ ಮಾಲ್ ರೋಡಿಗೆ ಹೋಗಲು ಲಿಫ್ಟ್ ಇದೆ. ಮಾಲ್ ರೋಡಿಗೆ ಸಾಮಾನ್ಯ ವಾಹನ ಬಿಡುವುದಿಲ್ಲ. ಗ್ಯಾಂಗ್‌ಟಾಕ್‌ನ ಎಂ.ಜಿ. ಮಾರ್ಗದಲ್ಲೂ ಗಾಡಿ ಇಲ್ಲ, ಜನ ಬೆಂಚಿನ ಮೇಲೆ ಕೂತಿರುತ್ತಾರೆ. ಮಾಥೇರಾನ್ ಬೆಟ್ಟಕ್ಕೆ ಪ್ರವಾಸಿಗಳ ಕಾರು ಹೋಗುವುದೇ ಇಲ್ಲ, ಕೆಳಗೆ ದಸ್ತೂರಿಯಲ್ಲಿ ನಿಲ್ಲಿಸಿ ಹೋಗಬೇಕು. ಇವೆಲ್ಲ ಬೆಟ್ಟದ ಊರುಗಳೇ. ನಾರ್ವೆಯ ಟ್ರೊಂಡ್‌ಹೈಮ್ ಅನ್ನುವ ಊರಿನಲ್ಲಿ ದಿಣ್ಣೆ ಹತ್ತಲು ಸೈಕಲಿಗೇ ಲಿಫ್ಟ್ ಮಾಡಿದ್ದಾರೆ, 1993ರಿಂದ. ಬೆಟ್ಟ ಅಂತ ಅವರ್ಯಾರೂ ಕೈಬಿಡಲಿಲ್ಲ.

ನಮಗೆ ಲಿಫ್ಟ್ ಬೇಡ. ಮೆಟ್ಟಿಲಿನ ಬದಿಯಲ್ಲಿ ಸೈಕಲ್ ಚಕ್ರ ಕೂರುವಷ್ಟು ಅಗಲದ ಕಾಲುವೆ ಬಿಟ್ಟರೆ ತಳ್ಳಿಕೊಂಡು ಹತ್ತಬಹುದು.

ಪೇಟೆ ಬೆಳಕು (ಮಡಿಕೇರಿ)

ನನ್ನದು ಅಂಗಡಿ. ಗಿರಾಕಿ ಗಾಡಿ ನಿಲ್ಲಿಸಲು ಜಾಗ ಇಲ್ಲದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾನೆ. ಮಹದೇವಪೇಟೆಯನ್ನು ಮುಚ್ಚುವ ಯೋಚನೆ ಇದ್ದರೆ ನಾವು ಒಪ್ಪುವುದಿಲ್ಲ.

ದಾಸವಾಳ ಬೇಲಿ (ಮಡಿಕೇರಿ)

ಮಹದೇವಪೇಟೆ, ಕಾಲೇಜು ರಸ್ತೆ ಯಾವುದೂ ಇಲ್ಲ ಸರ್. ಪೇಟೆಬೀದಿ ಪೇಟೆಬೀದಿಯೇ. ನಾನು ಹೇಳುತ್ತಿರುವುದು ಬರೀ ಮನೆಗಳಿರುವ ಒಳಬೀದಿ.

ಹಾರಂಗಿ ಗಾಳಿ (ಕುಶಾಲನಗರ)

ಪೇಟೆಯ ವಿಷಯ ಬಂದದ್ದಕ್ಕೆ ಒಂದು ಮಾತು. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರದ ಕೊನೆಯಲ್ಲಿ ವಾಹನ ಇಲ್ಲದೆ ಬಿಟ್ಟಿದ್ದರು. ನಾನು ಆಗ ಅಲ್ಲಿ ಕೆಲಸದಲ್ಲಿದ್ದೆ. ಜನ ಕಡಿಮೆ ಆಗಲಿಲ್ಲ, ಬೀದಿ ತುಂಬಿತ್ತು. ಸ್ಪೇನಿನಲ್ಲಿ ಪೊಂಟೆವೆದ್ರ ಅನ್ನುವ ಊರಿದೆ, ಎಂಬತ್ತು ಸಾವಿರದಷ್ಟು ಜನ. 1999ರಿಂದ ಅದರ ನಡುಪೇಟೆಯಿಂದ ಕಾರುಗಳನ್ನು ಹೊರಗಿಡುತ್ತಾ ಬಂದಿದ್ದಾರೆ. ಸಾಮಾನು ಇಳಿಸುವ ಗಾಡಿಗೆ ಅವಕಾಶ ಇದೆ. ದೊಡ್ಡ ನಗರಕ್ಕೆ ಮಾತ್ರ ಇದೆಲ್ಲ ಅಂತ ನಾವು ತಿಳಿಯಬೇಕಾಗಿಲ್ಲ. ಆದರೆ ಅಂಗಡಿಯವರು ತಾವೇ ಬೇಕು ಅನ್ನುವ ತನಕ ಪೇಟೆಗೆ ಕೈ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯವೂ ಹೌದು.

ಏಲಕ್ಕಿ ಪರಿಮಳ (ಸೋಮವಾರಪೇಟೆ)

ಹುಡುಗಿಯರ ಕಡೆಯಿಂದ ಒಂದು ಪ್ರಶ್ನೆ. ಗಾಡಿಗಳೇ ಬರದಿದ್ದರೆ ಸಂಜೆ ಆರರ ಮೇಲೆ ಬೀದಿ ಖಾಲಿ ಖಾಲಿ ಆಗುವುದಿಲ್ಲವಾ? ನಾನು ಮಡಿಕೇರಿಯಲ್ಲಿ ಓದುವಾಗ ಕತ್ತಲಾದ ಮೇಲೆ ಬೇಕಂತಲೇ ಗಾಡಿ ಓಡಾಡುವ ರಸ್ತೆಯಲ್ಲೇ ಬರುತ್ತಿದ್ದೆ. ಒಳಬೀದಿಯಲ್ಲಿ ನಾಯಿಗಳ ಹಿಂಡು ಬೇರೆ. ಗಾಡಿಯ ಲೈಟು ಕಂಡರೆ ಸ್ವಲ್ಪ ಧೈರ್ಯ ಬರುತ್ತಿತ್ತು.

ಮೆಟ್ಟಿಲು (ಮಡಿಕೇರಿ)

ತಂಗಿ, ಇದು ಬಹಳ ಮುಖ್ಯ. ಜಗಲಿಯಲ್ಲಿ ಕೂತವರ ಕಣ್ಣು ಬೀದಿ ಮೇಲೆ ಇದ್ದರೆ ಭಯ ಕಡಿಮೆ. ಗಾಡಿಯ ಸದ್ದು, ಹೊಗೆ ಕಡಿಮೆ ಆದರೆ ಜನ ಮತ್ತೆ ಜಗಲಿಗೆ ಬರುತ್ತಾರೆ ಅಂತ ನನಗೆ ಅನಿಸುತ್ತದೆ. ಆದರೆ ನಮ್ಮ ಮಳೆಗಾಲದಲ್ಲಿ ಜಗಲಿಯಲ್ಲಿ ಯಾರು ಕೂರುತ್ತಾರೆ, ಬಾಗಿಲು ಹಾಕಿ ಒಲೆ ಹತ್ತಿರ ಇರುತ್ತೇವೆ. ಹಾಗಾಗಿ ದೀಪ ಮೊದಲು. ಎತ್ತರದ ಕಂಬದ ಬಿಳಿ ದೀಪ ಮಂಜಿನಲ್ಲಿ ಬರೀ ಬಿಳಿ ಗೋಡೆ ಆಗುತ್ತದೆ. ಕೆಳಗೆ, ಹತ್ತಿರ ಹತ್ತಿರ, ಹಳದಿ ಬೆಳಕು ಬೇಕು. ದೀಪ ಬರುವ ತನಕ ಯಾವ ಬೀದಿಗೂ ತಡೆ ಹಾಕಬಾರದು ಅಂತ ನಾನೂ ಸೇರಿ ಒತ್ತಾಯ ಮಾಡುತ್ತೇನೆ.

ತೋಟದ ದಾರಿ (ಸಿದ್ದಾಪುರ)

ನಿಮ್ಮ ಊರಿನ ಬೀದಿ ಒಳ್ಳೆಯದಾಗಲಿ. ನಮ್ಮ ಕಡೆ ಮಕ್ಕಳು, ತೋಟದ ಕೆಲಸದವರು ಬೆಳಗ್ಗೆ ರಸ್ತೆಯಲ್ಲಿ ನಡೆಯುವುದು ಆನೆಯ ಭಯದಲ್ಲಿ. ನಡೆಯುವವರ ಬಗ್ಗೆ ಮಾತಾಡುವಾಗ ನಮ್ಮನ್ನೂ ನೆನಪಿಡಿ.

ದಾಸವಾಳ ಬೇಲಿ (ಮಡಿಕೇರಿ)

ಖಂಡಿತ ಅಣ್ಣ. ಅದಕ್ಕೆ ಬೇರೆಯೇ ಒಂದು ಚರ್ಚೆ ಶುರು ಮಾಡಿ, ನಾವೆಲ್ಲ ಬರುತ್ತೇವೆ. ಇದರ ಅಡಿಯಲ್ಲಿ ಅದು ಮುಚ್ಚಿಹೋಗಬಾರದು.

ಮಂಜಿನ ಮನೆ (ಮಡಿಕೇರಿ)

ನಾನು ಹೋಂಸ್ಟೇ ನಡೆಸುತ್ತೇನೆ. ಅತಿಥಿಗಳ ಕಾರು ಮನೆ ತನಕ ಬರಬಹುದು ಅಂತ ಬರೆದಿದ್ದೀರಿ, ಅದು ಸರಿ. ನನಗೆ ಭಯ ಇರುವುದು ಬೇರೆ ಕಡೆ. ಬೀದಿಗೆ ಬಣ್ಣ ಬಳಿದು, ಹೂಕುಂಡ ಇಟ್ಟು, ಗೋಡೆಗೆ ಚಿತ್ರ ಬರೆದರೆ ಮರುದಿನವೇ ಫೋಟೋ ತೆಗೆಯುವವರು ತುಂಬುತ್ತಾರೆ. ಅದರ ಹಿಂದೆ ಅಂಗಡಿ, ಬಾಡಿಗೆ ಏರಿಕೆ. ನಮ್ಮ ಬೀದಿಯಲ್ಲಿ ಬಾಡಿಗೆಗೆ ಇರುವ ಟೀಚರು, ನರ್ಸು ಬೇರೆ ಕಡೆ ಹೋಗಬೇಕಾಗುತ್ತದೆ. ನಾನು ಪ್ರವಾಸಿಗಳಿಂದಲೇ ಬದುಕುವವಳು, ಆದರೂ ಹೇಳುತ್ತೇನೆ. ಎಲ್ಲ ಬೀದಿಯನ್ನೂ ಪ್ರವಾಸಿಗಳಿಗೆ ತೋರಿಸಬೇಕಾಗಿಲ್ಲ.

ದಾಸವಾಳ ಬೇಲಿ (ಮಡಿಕೇರಿ)

ಅಕ್ಕ, ನನ್ನ ಮನಸ್ಸಿನಲ್ಲಿದ್ದದ್ದನ್ನು ನೀವು ಹೇಳಿದಿರಿ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ ಸುಮಾರು 33 ಸಾವಿರ. ರಜೆ ದಿನ ಬರುವ ಕಾರುಗಳ ಸಾಲು ನೋಡಿದರೆ ಊರು ನಮ್ಮದಾ ಅಂತ ಅನುಮಾನ ಬರುತ್ತದೆ. ಈ ಬೀದಿ ಚಂದ ಕಾಣಬೇಕು ಅಂತ ನನಗೆ ಆಸೆ ಇಲ್ಲ. ನನ್ನ ಮಗಳು ನಡೆಯಬೇಕು, ಮೇಲೆ ಮೆಟ್ಟಿಲಿನ ಬಗ್ಗೆ ಬರೆದವರ ಅಮ್ಮ ಗೆಳತಿಯ ಮನೆಗೆ ಹೋಗಬೇಕು. ಕಮಾನು ಬೇಡ, ಹೆಸರಿನ ದೊಡ್ಡ ಫಲಕ ಬೇಡ, ಸೆಲ್ಫಿ ಜಾಗ ಅಂತೂ ಬೇಡವೇ ಬೇಡ. ಹಾಯ್ದು ಹೋಗುವ ಗಾಡಿ ನಿಂತರೆ ಅರ್ಧ ಕೆಲಸ ಆಯಿತು.

ಕಪ್ಪು ಕೋಟು (ವಿರಾಜಪೇಟೆ)

ಕಾನೂನಿನ ಕಡೆಯಿಂದ ನೋಡಿದರೆ ಇದು ನೀವು ಅಂದುಕೊಂಡಷ್ಟು ಕಷ್ಟ ಇಲ್ಲ.

1988ರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ನೋಡಿ. ಜನರ ಸುರಕ್ಷತೆಗಾಗಿ, ಅನುಕೂಲಕ್ಕಾಗಿ ಒಂದು ರಸ್ತೆಯಲ್ಲಿ ಅಥವಾ ಪ್ರದೇಶದಲ್ಲಿ ವಾಹನಗಳನ್ನು ನಿಷೇಧಿಸುವ, ಮಿತಿಗೊಳಿಸುವ ಅಧಿಕಾರ ಸರ್ಕಾರಕ್ಕೆ, ಅದು ಅಧಿಕಾರ ಕೊಟ್ಟವರಿಗೆ ಇದೆ. ಮಳೆಗಾಲದಲ್ಲಿ ಕೊಡಗಿನ ರಸ್ತೆಗಳಲ್ಲಿ ಭಾರಿ ವಾಹನ ಬೇಡ ಅಂತ ಜಿಲ್ಲಾಧಿಕಾರಿಗಳು ಆದೇಶ ಹೊರಡಿಸುವುದು ನಮಗೆಲ್ಲ ಹಳೆಯ ಸಂಗತಿ. ರಸ್ತೆಯ ಮೇಲೆ ಎಷ್ಟು ಭಾರ ಹೋಗಬಹುದು ಅಂತ ಆದೇಶ ಮಾಡಬಹುದಾದರೆ, ಒಂದು ಮನೆಬೀದಿಯಲ್ಲಿ ಯಾರು ಹಾಯ್ದು ಹೋಗಬಹುದು ಅಂತಲೂ ಮಾಡಬಹುದು.

ಅದೇ ಸೆಕ್ಷನ್‌ನಲ್ಲಿ ನಿಮಗೆ ಬೇಕಾದ ಇನ್ನೊಂದು ಮಾತಿದೆ. ನಿರ್ಬಂಧ ಒಂದು ತಿಂಗಳಿಗಿಂತ ಹೆಚ್ಚು ಇಲ್ಲದಿದ್ದರೆ ಗೆಜೆಟ್ ಅಧಿಸೂಚನೆ ಬೇಕಾಗಿಲ್ಲ. ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ಅಂದರೆ ಒಂದು ತಿಂಗಳ ಪ್ರಯೋಗಕ್ಕೆ ಕಾನೂನಿನಲ್ಲೇ ಬಾಗಿಲಿದೆ. ಬೀದಿಯ ಎಲ್ಲ ಮನೆಯವರ ಸಹಿ ಹಾಕಿದ ಅರ್ಜಿ, ಒಂದು ಕೈನಕ್ಷೆ, ಆಂಬುಲೆನ್ಸ್, ಅಗ್ನಿಶಾಮಕ ಗಾಡಿ ಹೇಗೆ ಬರುತ್ತದೆ ಅನ್ನುವ ವಿವರ. ಇಷ್ಟು ಇಟ್ಟುಕೊಂಡು ಹೋಗಿ. ಸಹಿ ಹಾಕದ ಮನೆಯವರ ಆಕ್ಷೇಪಣೆಯನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ. ಅದರಿಂದ ನಿಮ್ಮ ಮಾತಿಗೆ ತೂಕ ಹೆಚ್ಚುತ್ತದೆ.

ತಡೆಗೋಡೆ (ಮಡಿಕೇರಿ)

ವಕೀಲರು ಒಳ್ಳೆಯ ದಾರಿ ತೋರಿಸಿದರು. ನಾನೂ ಎರಡು ಮಾತು ಸೇರಿಸುತ್ತೇನೆ.

ಫುಟ್‌ಪಾತ್ ಯಾಕೆ ಕೇಳಬಾರದು ಅಂತ ಯಾರಾದರೂ ಕೇಳಬಹುದು. ರಸ್ತೆಗಳ ಅಳತೆ, ಮಾನದಂಡ ಗೊತ್ತು ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಕಾರ ನಡೆಯಲು ತೆರವಾಗಿರುವ ಅಗಲ ಕನಿಷ್ಠ 1.8 ಮೀಟರ್ ಬೇಕು. ನಮ್ಮ ಎಷ್ಟೋ ಒಳಬೀದಿಗಳ ಎರಡೂ ಬದಿ ಅಷ್ಟು ಬಿಟ್ಟರೆ ನಡುವೆ ಒಂದು ಜೀಪೂ ಹೋಗುವುದಿಲ್ಲ. ಹಾಗಾಗಿ ಬೀದಿಯೇ ಫುಟ್‌ಪಾತ್ ಆಗಬೇಕು, ಗಾಡಿ ಅದರ ಮೇಲೆ ಮೆಲ್ಲಗೆ ಬರಬೇಕು. ನೆದರ್ಲೆಂಡ್ಸ್‌ನವರು ಇಂಥ ಮನೆಬೀದಿಗೆ ವೂನರ್ಫ್ ಅಂತ ಹೆಸರಿಟ್ಟು 1976ರಲ್ಲೇ ಕಾನೂನಿಗೆ ಸೇರಿಸಿದ್ದಾರೆ.

ವೇಗ ಯಾಕೆ ಅಷ್ಟು ಮುಖ್ಯ ಅಂದರೆ, ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 30 ಕಿ.ಮೀ. ವೇಗದ ಕಾರಿಗೂ 50 ಕಿ.ಮೀ. ವೇಗದ ಕಾರಿಗೂ ವೇಗದಲ್ಲಿ ವ್ಯತ್ಯಾಸ ಎರಡು ಪಟ್ಟೂ ಇಲ್ಲ. ಹೊಡೆತದಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು. ಒದ್ದೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಗಾಡಿ ಎಷ್ಟು ದೂರ ಜಾರುತ್ತದೆ ಅಂತ ನಮಗೆಲ್ಲ ಗೊತ್ತು. ನಮ್ಮ ಬೀದಿಗೆ 20 ಸಾಕು.

ತಡೆಗೆ ಕಟ್ಟೆ ಕಟ್ಟಬೇಡಿ. ಕೀಲಿ ಹಾಕಿ ಎತ್ತಿ ತೆಗೆಯಬಹುದಾದ ಕಬ್ಬಿಣದ ಕಂಬ ಹಾಕಿ. ತುರ್ತು ಗಾಡಿಗೆ ತೆಗೆಯಬೇಕು. ದಸರಾಕ್ಕೆ ಕರಗಗಳು ಬೀದಿ ಬೀದಿಗೆ ಬರುತ್ತವೆ, ಜನ ಹಿಂದೆ ಬರುತ್ತಾರೆ. ದಶಮಂಟಪ ಮೆರವಣಿಗೆಯ ರಾತ್ರಿ ಮುಖ್ಯರಸ್ತೆ ತುಂಬಿದಾಗ ಒಳಬೀದಿ ಪೂರ್ತಿ ತೆರೆದಿರಬೇಕು. ಕೀಲಿ ಎರಡು ಮನೆಯಲ್ಲಿ ಇರಲಿ, ಒಂದರಲ್ಲೇ ಬೇಡ.

ಹಾರಂಗಿ ಗಾಳಿ (ಕುಶಾಲನಗರ)

ಒಂದು ತಿಂಗಳೂ ಜಾಸ್ತಿ ಅನಿಸಿದರೆ ಭಾನುವಾರ ಬೆಳಗ್ಗೆ ಮಾತ್ರ ಶುರು ಮಾಡಬಹುದು. ಕೊಲಂಬಿಯಾದ ಬೊಗೊಟಾದಲ್ಲಿ 1974ರಿಂದ ಭಾನುವಾರ, ರಜೆ ದಿನ ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡರ ತನಕ ರಸ್ತೆಗಳನ್ನು ನಡೆಯುವವರಿಗೆ, ಸೈಕಲಿಗೆ ಬಿಡುತ್ತಾರೆ. ಈಗ ನೂರು ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನಲ್ಲಿ 2013ರಲ್ಲಿ ಸೈಕಲ್ ದಿನ ಶುರು ಆಯಿತು. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತು. ಕುಶಾಲನಗರದ ನಮ್ಮ ಬಡಾವಣೆಯಲ್ಲಿ ನಾಲ್ಕು ಭಾನುವಾರ ಮಾಡಿ ನೋಡೋಣ ಅಂತ ಇವತ್ತು ಗೆಳೆಯರಿಗೆ ಹೇಳಿದೆ. ಮೂವರು ಬರುತ್ತೇನೆ ಅಂದಿದ್ದಾರೆ.

ದಾಸವಾಳ ಬೇಲಿ (ಮಡಿಕೇರಿ)

ಮಡಿಕೇರಿಯಲ್ಲಿ ಭಾನುವಾರವೇ ಪ್ರವಾಸಿಗಳ ಗದ್ದಲ, ನಮಗೆ ವಾರದ ದಿನ ಶಾಲೆಯ ಹೊತ್ತು ಸರಿ. ನಿಮ್ಮಲ್ಲಿ ಭಾನುವಾರವೇ ಮಾಡಿ. ನಡೆದರೆ ಮಗಳನ್ನು ಸೈಕಲ್ ಸಮೇತ ಕರೆದುಕೊಂಡು ಬರುತ್ತೇನೆ.

ನಿನ್ನೆ ಸಂಜೆ ನಮ್ಮ ಬೀದಿಯ ಮನೆಗಳಿಗೆ ಹೋಗಿ ಬಂದೆ. ಹೆಚ್ಚಿನವರು ಒಪ್ಪಿದರು. ಮೂರು ಮನೆಯವರು ಯೋಚಿಸಿ ಹೇಳುತ್ತೇವೆ ಅಂದರು. ಒಬ್ಬರು ಬೇಡವೇ ಬೇಡ ಅಂದರು. ಅವರ ಮಗ ರಾತ್ರಿ ಪಾಳಿ, ಬೆಳಗ್ಗೆ ಮೇಲಿನ ತಿರುವಿನಿಂದ ಬರುತ್ತಾನೆ, ತಡೆ ಮೇಲುಗಡೆ ಬಂದರೆ ಸುತ್ತಿ ಬರಬೇಕಾಗುತ್ತದೆ. ಅವರ ಮಾತನ್ನು ಹಾಗೇ ಬರೆದುಕೊಂಡಿದ್ದೇನೆ. ಮೂಲೆಮನೆಯ ಅಜ್ಜಿ ಮಾತ್ರ ಕೇಳಿದ್ದು ಒಂದೇ. "ಮಕ್ಕಳು ಮತ್ತೆ ಈ ದಾರಿಯಲ್ಲಿ ನಡೆದುಕೊಂಡು ಹೋಗುತ್ತಾರಾ?"

ಇನ್ನು ತಡೆ ಎಲ್ಲಿ ಹಾಕುವುದು ಅನ್ನುವುದು ಉಳಿದಿದೆ. ಕೆಳಗಿನ ಕೊನೆಯಲ್ಲಿ ಹಾಕೋಣ ಅಂತ ನನ್ನ ಯೋಚನೆ.

ಮೂರು ಚಕ್ರ (ಮಡಿಕೇರಿ)

ಮೇಡಂ, ಎಲ್ಲ ಓದಿದೆ. ರಾತ್ರಿ ಹೆಂಡತಿಗೂ ಓದಿ ಹೇಳಿದೆ. ಆ ಅಮ್ಮ ಗೆಳತಿಯ ಮನೆಗೆ ಹೋಗುವುದಿಲ್ಲ ಅಂದದ್ದು ಅವಳಿಗೆ ಬಹಳ ನಾಟಿತು.

ಕೆಳಗಿನ ಕೊನೆಯಲ್ಲಿ ಹಾಕಬೇಡಿ. ಅಲ್ಲಿ ಗಾಡಿ ತಿರುಗಿಸಲು ಜಾಗ ಇಲ್ಲ. ಗೊತ್ತಿಲ್ಲದೆ ಬಂದ ಕಾರಿನವನು ದಿಣ್ಣೆಯಲ್ಲಿ ರಿವರ್ಸ್ ಹೋಗಬೇಕು. ಹಿಂದೆ ಮಕ್ಕಳಿದ್ದರೆ ಕಷ್ಟ. ನಿಮ್ಮ ಬೀದಿಯ ನಡುವೆ ಮೋರಿ ಇದೆಯಲ್ಲ, ಹಲಸಿನ ಮರದ ಹತ್ತಿರ. ಅಲ್ಲಿ ಸ್ವಲ್ಪ ಅಗಲ ಇದೆ. ಮೋರಿ ದಾಟಿದ ಕೂಡಲೇ ಕಂಬ ಹಾಕಿ. ಮೇಲಿನ ಮನೆಯವರು ಮೇಲಿನಿಂದ ಬಂದು ಅಲ್ಲೇ ತಿರುಗಿಸಬಹುದು. ಕೆಳಗಿನವರಿಗೆ ಮೂಲೆಮನೆ ಮುಂದೆ ಜಾಗ ಇದೆ. ಆ ರಾತ್ರಿ ಪಾಳಿ ಹುಡುಗನ ಮನೆಯೂ ಮೋರಿಯ ಮೇಲುಗಡೆಯೇ ಬರುತ್ತದೆ, ಅವನು ಸುತ್ತಬೇಕಾಗಿಲ್ಲ. ಬೀದಿಯ ಎರಡು ಬಾಯಿಗಳಲ್ಲೂ "ಮುಂದೆ ದಾರಿ ಇಲ್ಲ" ಅಂತ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಸಿ. ಇಲ್ಲದಿದ್ದರೆ ಮ್ಯಾಪ್ ನೋಡಿಕೊಂಡು ಬರುವವರು ನಿಲ್ಲುವುದಿಲ್ಲ.

ಕಂಬಗಳ ನಡುವೆ ಆಟೋ ಹೋಗುವಷ್ಟು ಬಿಡಿ ಅಂತ ಮೊದಲು ಕೇಳೋಣ ಅಂದುಕೊಂಡಿದ್ದೆ. ಆಮೇಲೆ ಬೇಡ ಅನಿಸಿತು. ಆಟೋ ಹೋದರೆ ಸಣ್ಣ ಕಾರೂ ನುಗ್ಗಲು ನೋಡುತ್ತದೆ. ಒಂದು ತಿಂಗಳು ಸುತ್ತಿ ಬರುತ್ತೇನೆ. ನಮ್ಮ ಸ್ಟ್ಯಾಂಡಿನವರಿಗೆ ಹೇಳುವುದು ನನಗೆ ಬಿಡಿ. ಬಾಡಿಗೆಗೆ ಎಷ್ಟು ಹೊಡೆತ ಬಿತ್ತು ಅಂತ ದಿನಾ ಬರೆದಿಡುತ್ತೇನೆ, ತಿಂಗಳ ಕೊನೆಗೆ ಅದನ್ನೂ ನೀವೆಲ್ಲ ನೋಡಬೇಕು.

ದಾಸವಾಳ ಬೇಲಿ (ಮಡಿಕೇರಿ)

ಖಂಡಿತ ನೋಡುತ್ತೇವೆ ಅಣ್ಣ. ನಿಮ್ಮ ಲೆಕ್ಕವನ್ನು ಅರ್ಜಿಯ ಜೊತೆಗೇ ಇಡುತ್ತೇನೆ.

ನಾಳೆ ಬೆಳಗ್ಗೆ ಏಳೂವರೆಗೆ ಮೋರಿ ಹತ್ತಿರ ಇರುತ್ತೇನೆ, ಅಳತೆ ಟೇಪ್ ತರುತ್ತೇನೆ. ನಿಮ್ಮ ಆಟೋ ತಿರುಗಿಸಿ ತೋರಿಸುತ್ತೀರಾ? ತಡೆಗೋಡೆ ಅಂಕಲ್, ಆಗುವುದಾದರೆ ನೀವೂ ಬನ್ನಿ. ಮಗಳನ್ನು ನಡೆಸಿಕೊಂಡೇ ಬರುತ್ತೇನೆ.